ಗೋಡೆಯ ಮೂರನೇ ಸುತ್ತು

ಊರಿನ ಕೋಟೆಗೋಡೆಯ ಬುಡದಲ್ಲಿ ಸಿಯೆನಾ ನಗರಕ್ಕೆ ಹೋಗುವ ಬಸ್ಸಿಗೆ ಕಾಯುತ್ತಿದ್ದೆ. ಗೋಡೆ ಸುತ್ತುತ್ತಿದ್ದ ಅಕ್ಕ-ತಮ್ಮ ಇಬ್ಬರು ಮೂರನೇ ಸಲ ನನ್ನೆದುರು ಬಂದರು.

“ಮತ್ತೆ ಊರಬಾಗಿಲ ಒಳಗೆ ಹೋಗದೆ ಮುಂದೆ ಬಂದ್ಯಲ್ಲೋ ಎತ್ತೋರೆ!” ಅಕ್ಕ ತಮ್ಮನನ್ನು ರೇಗಿಸಿದಳು. “ ಮುತ್ತಿಗೆ ಹಾಕೋಕೆ ಬಂದಿದೀಯಾ?”

“ಇನ್ನೊಂದೇ ಸುತ್ತು ಅಕ್ಕ.”

“ಹನ್ನೆರಡು ಹೊಡೆದ್ರೆ ಅಪ್ಪ ಇಸ್ಪೀಟು ಬಿಟ್ಟು ಊಟಕ್ಕೆ ಏಳ್ತಾನೆ. ಚೌಕದಲ್ಲೇ ಮಾತಾಡ್ಸು, ನಾಲ್ಕು ಜನರ ಮುಂದೆ ಜಾಸ್ತಿ ಬೈಯಲ್ಲ.”

“ಅಮ್ಮನ ಮಣ್ಣಿಗೂ ಬರದವನು ನಾನು. ಅಪ್ಪನ್ನ ನೋಡಿ ಹನ್ನೊಂದು ವರ್ಷ ಆಯ್ತು. ಮುಖ ತಿರುಗಿಸಿದ್ರೆ?”

“ತಿರುಗಿಸ್ಲಿ. ಕಿವಿ ಎರಡೂ ಕಡೆ ಇದೆಯಲ್ಲ.”

ಗಂಟೆ ಹನ್ನೆರಡು ಹೊಡೆಯಿತು. ಇಬ್ಬರೂ ಅಲ್ಲೇ ನಿಂತರು.

ಗೋಡೆಯ ಮೇಲಿಂದ ಮುದುಕನೊಬ್ಬ ಬಗ್ಗಿ ಕೂಗಿದ: “ಕತ್ತೆ! ಬಾಗಿಲು ಹಿಂದೆ ಇದೆ ಕಣೋ. ನಿನ್ನ ಸುತ್ತು ಎಣಿಸ್ತಾ ಇವತ್ತು ನನ್ನ ಇಸ್ಪೀಟೇ ಕೆಡ್ತು.”

ಎತ್ತೋರೆ ಅಕ್ಕನಿಗೂ ಕಾಯದೆ ಬಾಗಿಲ ಕಡೆ ಓಡಿದ.