ಸ್ಪೆಕ್ಟ್ರೋಮೀಟರಿನ ಗೆರೆ

"ನಾಳೆ ಪ್ರಾಕ್ಟಿಕಲ್ಸಲ್ಲಿ ಚೀಟಿ ಎತ್ತಿದಾಗ ಸ್ಪೆಕ್ಟ್ರೋಮೀಟರೇ ಬಂದ್ಬಿಟ್ರೆ ಏನಪ್ಪಾ ಮಾಡ್ಲಿ?"

ಗವಿಪುರದ ಗುಡಿಯಲ್ಲಿ ಅಲಂಕಾರಕ್ಕೆಂದು ತೆರೆ ಎಳೆದಿದ್ದರು. ಆ ಹುಡುಗಿ ಕೇಳಿದ್ದು ಯಾರನ್ನೂ ಅಲ್ಲ, ತೆರೆಯ ಹಿಂದಿದ್ದ ಗಂಗಾಧರೇಶ್ವರನನ್ನೋ ಏನೋ. ಪಕ್ಕದಲ್ಲಿದ್ದ ಹುಡುಗ ಅವಳ ಲ್ಯಾಬಿನ ಜೋಡಿ, ಇಬ್ಬರೂ ಬಿ.ಎಸ್ಸಿ. ಫಿಸಿಕ್ಸ್. ದರ್ಶನದ ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದೆ; ಕಾವ್ಯವಾಚನ ಕೇಳಿ ಬೆಳೆದ ನನ್ನ ಕಿವಿ ಮುಚ್ಚಿಕೊಳ್ಳಲಿಲ್ಲ.

"ಬಂದ್ರೆ ಮಾಡು ಮೀನಾ. ಎಷ್ಟು ಸಲ ಮಾಡಿದೀವಿ!"

"ಮಾಡಿದ್ದು ನೀನು. ನೀನು ಅದರ ದುರ್ಬೀನಲ್ಲಿ ಬೆಳಕಿನ ಗೆರೆ ನೋಡಿ ರೀಡಿಂಗ್ ಕೂಗ್ತಿದ್ದೆ, ನಾನು ಬರ್ಕೊಳ್ತಿದ್ದೆ."

"ಒಂದ್ಸಲಾನೂ ನೋಡೇ ಇಲ್ವಾ?"

"ಮೊದಲ್ನೇ ದಿನ ನೋಡ್ದೆ ಲಕ್ಷ್ಮೀಶ. ಬರೀ ಕತ್ತಲೆ. ನೀನು ಗೆರೆ ಕಾಣ್ತಾ ಅಂದೆ, ಹೂಂ ಅಂದ್ಬಿಟ್ಟೆ. ಆಮೇಲೆ ಹೇಗೆ ಇಲ್ಲ ಅನ್ಲಿ?"

"ಕರ್ಮ! ನಂಗೆ ಜ್ವರ ಬಂದಾಗ್ಲೂ ಲ್ಯಾಬಿಗೆ ಎಳ್ಕೊಂಡು ಹೋಗಿದ್ದು ಇದಕ್ಕಾ?"

"ಬೈಬೇಡ ಕಣೋ. ಫೇಲಾದ್ರೆ ಓದು ಸಾಕು, ಅಂಗಡೀಲಿ ಕೂತ್ಕೋ ಅಂದಿದಾರೆ ಅಪ್ಪ."

"ಈಗ ನಾನೇನು ಮಾಡ್ಬೇಕು?"

"ನಿಂದು ಬೆಳಗಿನ ಬ್ಯಾಚು, ನಂದು ಮಧ್ಯಾಹ್ನದ್ದು. ನಿನಗೆ ಅದೇ ಬಂದ್ರೆ, ಗೆರೆ ಸರಿಯಾಗಿ ಕೂರಿಸಿ, ಅಲ್ಲಾಡಿಸದೆ ಹಾಗೇ ಬಿಟ್ಟು ಬಂದ್ಬಿಡು. ಅಷ್ಟೇ ಸಾಕು, ಪ್ಲೀಸ್."

ತೆರೆ ಸರಿಯಿತು, ಗಂಟೆ ಮೊಳಗಿತು. ಸಾಲು ಮುಂದಕ್ಕೆ ಹೊರಟಿತು. ಹುಡುಗ ಅವಳ ಕಡೆ ತಿರುಗದೆಯೇ ಹೇಳಿದ:

"ಇಲ್ಲ ಮೀನಾ. ಅದೂ ನಾನು ನೋಡಿದ್ದೇ ಆಗತ್ತೆ, ನೀನು ನೋಡಿದ್ದಲ್ಲ. ಗೆರೆ ತಪ್ಪೋ ಹಾಗೆ ಎಲ್ಲಾ ತಿರುಗಿಸಿಟ್ಟೇ ಬರ್ತೀನಿ."