ವಾರಗಿತ್ತಿಯರಿಗೆ ಬೇರೆ ಮನೆ

ಎಕ್ಸ್-ರೇ ಕೇಂದ್ರದ ಓಣಿಯಂಥ ಹಜಾರದಲ್ಲಿ, ಅಮ್ಮನ ವರದಿಗೆ ಬೆಳಗಿನಿಂದ ಕಾದು ಕೂತಿದ್ದ ವೆಲ್ಡರ್ ತೆರೆದ ಬಾಗಿಲಿನಾಚೆಯ ಮಾತಿಗೆ ಕಿವಿಗೊಟ್ಟ. ಒಳಗೆ ಮ್ಯಾನೇಜರೂ ಕಂಪ್ಯೂಟರ್ ನೋಡಿಕೊಳ್ಳುವಾಕೆಯೂ ಎದುರುಬದುರು ನಿಂತಿದ್ದರು.

“ವರದಿ ನಿಂತಿದ್ದು ನಿನ್ನಿಂದ ಅಂತ ಬರ್ಕೊಡು.”

“ಎಲ್ಲಾ ಅಪ್‌ಡೇಟ್ ಮಾಡು ಅನ್ನೋ ಬಟನ್ ಒತ್ತಿದ್ದು ಯಾರು ಸಾರ್?”

“ಹೊಸದು ಬಂದ್ರೆ ಹಾಕ್ಕೋಬೇಕಮ್ಮ. ಅದರಲ್ಲೇನು ತಪ್ಪು?”

“ಟೋಕನ್ ಪ್ರೋಗ್ರಾಮ್‌ಗೆ ಹೊಸ ಲೈಬ್ರರಿ, ಅಂದ್ರೆ ಅದು ಕೆಲಸ ಮಾಡೋಕೆ ನೆಚ್ಚಿಕೊಂಡಿರೋ ಸಿದ್ಧ ಕೋಡ್, ಬೇಕು, ವರದಿ ಪ್ರೋಗ್ರಾಮ್‌ಗೆ ಹಳೇದೇ ಬೇಕು. ನೀವು ಹಳೇದನ್ನ ಹೊರಗೆ ಹಾಕಿಬಿಟ್ರಿ, ವರದಿ ಪ್ರೋಗ್ರಾಮ್ ಮುನಿಸ್ಕೊಂಡು ಮಲಗ್ತು.”

“ಮತ್ತೆ ಈಗ ಹೇಗೆ ಎದ್ದಿದೆ?”

“ಎರಡು ಪ್ರೋಗ್ರಾಮೂ ಜಗಳಾಡೋ ವಾರಗಿತ್ತಿಯರಿದ್ದಂಗೆ, ಇಬ್ರಿಗೂ ಕಂಪ್ಯೂಟರ್ ಒಳಗೇ ಬೇರೆ ಮನೆ ಮಾಡಿಕೊಟ್ಟೆ. ಅವಳ ಲೈಬ್ರರಿ ಅವಳಿಗೆ, ಇವಳದು ಇವಳಿಗೆ. ಯಾವ ಮನೇಲಿ ಯಾವ ವರ್ಷನ್ ಅಂತ ಪಟ್ಟಿನೂ ಬರೆದಿಟ್ಟಿದೀನಿ.”

“ಕಾಲೇಜು ಮೆಟ್ಟಿಲು ಹತ್ತದವಳು ನನಗೆ ಪಾಠ ಹೇಳ್ತೀಯಾ?”

ವೆಲ್ಡರ್ ಹಲ್ಲು ಕಚ್ಚಿದ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ಅವನು. ಆ ಮಾತನ್ನು ಅವನ ಮುಖಕ್ಕೂ ಎಷ್ಟೋ ಜನ ಎಸೆದಿದ್ದರು.

“ಹತ್ತಿದವರು ಕೆಡಿಸಿದ್ದನ್ನ ಸರಿ ಮಾಡಿದೀನಲ್ಲ ಸಾರ್.”

“ಸಹಿ ಹಾಕದಿದ್ರೆ ನಾಳೆಯಿಂದ ಬರಬೇಡ.”

“ಬರಲ್ಲ ಬಿಡಿ. ಸುಳ್ಳಿನ ಕೆಳಗೆ ಮಾತ್ರ ನನ್ನ ಹೆಸರು ಬೀಳಲ್ಲ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಯಾರ ಹೆಸರಲ್ಲಿ ಅಪ್‌ಡೇಟ್ ಆಯ್ತು ಅಂತ ಕಂಪ್ಯೂಟರೇ ಬರೆದಿಟ್ಕೊಂಡಿದೆ. ಸೆಂಟರ್ ಓನರ್ ಡಾಕ್ಟ್ರಮ್ಮನ ಮುಂದೆ ತೆಗೆದು ತೋರಿಸ್ತೀನಿ.”

“ಏಯ್, ನಿಂತ್ಕೊಳ್ಳಮ್ಮ! ತಮಾಷೆಗಂದೆ!”

“ನಾನು ತಮಾಷೆಗೆ ಅನ್ನಲಿಲ್ಲ.”

ಅವಳು ಸರಸರನೆ ಹೊರಗೆ ಬಂದಳು. ಇಕ್ಕಟ್ಟಾದ ಹಜಾರದಲ್ಲಿ ವೆಲ್ಡರ್ ಕಾಲು ಮಡಚಿಕೊಂಡು ಅವಳಿಗೆ ದಾರಿ ಬಿಟ್ಟ. ಆಮೇಲೆ, ಹಿಂದೆಯೇ ಓಡಿ ಬರುತ್ತಿದ್ದ ಮ್ಯಾನೇಜರನ್ನು ನೋಡಿ, ಎರಡೂ ಕಾಲನ್ನು ನಿಧಾನವಾಗಿ ಉದ್ದಕ್ಕೆ ಚಾಚಿದ.