ಸೊಸೆ ತಿಂದ ಬೈಗುಳ

ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಇಂದ್ರಮ್ಮನ ಪಕ್ಕ, ಸೊಂಟದ ಆಪರೇಷನ್ ಆಗಿದ್ದ ಲಕ್ಕಪ್ಪನವರು ಸೊಸೆಯೊಂದಿಗೆ ಕೂತಿದ್ದರು. ಮಾವ, ಸೊಸೆ ಇಬ್ಬರೂ ಆಸ್ಪತ್ರೆಯಿಂದ ಬಂದವರು.

"ವ್ಯಾಯಾಮ ಮಾಡಿಸ್ತಿಲ್ಲ ಅಂತ ಡಾಕ್ಟ್ರು ನಂಗೆ ಬೈದ್ರು. ಬಾಗ್ಲು ಹಾಕ್ಕೊಂಡು ಒಬ್ನೇ ಮಾಡ್ತೀನಿ ಅಂದಿದ್ರಲ್ಲ ಮಾವ?"

ಲಕ್ಕಪ್ಪ ತಲೆ ಎತ್ತಲಿಲ್ಲ. "ಸುಳ್ಳು ಹೇಳ್ದೆ ಕಣವ್ವ. ಒಬ್ನೇ ಕಾಲು ಎತ್ತಕ್ಕೆ ಆಗ್ಲಿಲ್ಲ."

"ನನ್ನ ಕರೀಬೌದಿತ್ತಲ್ಲ?"

"ಕಾಲೆತ್ತಿದ್ರೆ ಪಂಚೆ ಜಾರ್ತದೆ. ಸೊಸೆ ಮುಂದೆ ಹೆಂಗವ್ವ?"

"ನಿಮ್ಮ ಮಗನ ಪ್ಯಾಂಟ್ ಐತಲ್ಲ, ಹಾಕ್ಕಳಿ."

"ಹೂಂ." ಲಕ್ಕಪ್ಪ ಅಂದರು, "ಡಾಕ್ಟ್ರು ನಿನ್ನ ಬೈಯುವಾಗ್ಲೂ ನಾನು ಬಾಯಿ ಬಿಡ್ಲಿಲ್ಲ. ನಿನ್ನ ಮುಖ ನೋಡಕ್ಕೇ ನಾಚ್ಕೆ ಆಯ್ತದೆ."

"ಇರ್ಲಿ ಬುಡಿ. ಹೊಸಕೋಟೆ ಬಸ್ ಬಂತು."

ಬಸ್ಸಿನ ಮೆಟ್ಟಿಲ ಹತ್ತಿರ ಲಕ್ಕಪ್ಪ ಸುತ್ತ ನೋಡಿ, ಪಂಚೆಯನ್ನು ಬಿಗಿಯಾಗಿ ಹಿಡಿದುಕೊಂಡರು. "ಎತ್ತವ್ವ," ಎಂದರು.

ಸೊಸೆ ಬಗ್ಗಿ ಅವರ ಕಾಲಿಗೆ ಕೈ ಹಾಕಿದಳು. ಅವರ ಮಾತೆಲ್ಲ ಕೇಳಿಸಿಕೊಂಡಿದ್ದ ಇಂದ್ರಮ್ಮ ಮುಖ ಆಚೆ ತಿರುಗಿಸಿದಳು.